ಗುಟ್ಟಿನ ಸಂಖ್ಯೆಯ ಕಾವಲುಗಾರ

ಜಿನೀವಾದ ಅಂಚಿನ ಮೇರಾಂನಲ್ಲಿರುವ ಪ್ರತಿದ್ರವ್ಯ ಪ್ರಯೋಗಶಾಲೆಯಲ್ಲಿ ಅಲೋಯ್ಸ್ ಫಾವ್ರೋನ ಕೆಲಸ ಅಯಸ್ಕಾಂತಗಳಿಗೆ ದ್ರವ ಹೀಲಿಯಂ ತುಂಬಿಸುವುದು. ಅದನ್ನು ಬಿಟ್ಟರೆ ಬೇರೆ ವಿದ್ಯೆ ಅವನಿಗೆ ಬಾರದು, ಮಾತಂತೂ ಬರುತ್ತಲೇ ಇರಲಿಲ್ಲ. ಬಾಯಿ ಬಿಡದವನು ಎಂದೇ, ಯಾರಿಗೂ ಹೇಳುವುದಿಲ್ಲವೆಂಬ ಮಾತು ತೆಗೆದುಕೊಂಡು, ಗುಟ್ಟಿನ ಸಂಖ್ಯೆಯನ್ನು ಅವನಿಗೆ ಒಪ್ಪಿಸಿದ್ದರು.

ಅಲ್ಲಿಯ ಪದ್ಧತಿ ಹಾಗೆ. ಜಲಜನಕದ ತದ್ವಿರುದ್ಧ ಜೋಡಿಯಾದ ಪ್ರತಿಜಲಜನಕದ ಪರಮಾಣುಗಳನ್ನು ಕಷ್ಟಪಟ್ಟು ಹುಟ್ಟಿಸುತ್ತಾರೆ. ಅಯಸ್ಕಾಂತದ ಬಲೆಯಲ್ಲಿ ತೇಲಿಸಿಟ್ಟು, ಮೇಲಿನ ಬಾಯನ್ನೂ ಕೆಳಗಿನ ಬಾಯನ್ನೂ ಮೆಲ್ಲಗೆ ಸಡಿಲಿಸುತ್ತಾರೆ. ಅವು ಗೋಡೆಗೆ ತಾಗಿ ಸಾಯುವಾಗ ಹೊಮ್ಮುವ ಮಿಂಚನ್ನು ಎಣಿಸಿ, ಹೆಚ್ಚಿನವು ಮೇಲಕ್ಕೆ ಹೋದವೋ ಕೆಳಕ್ಕೆ ಬಿದ್ದವೋ ಎಂದು ನೋಡುತ್ತಾರೆ. ಎಣಿಸುವವರ ಆಸೆ ಲೆಕ್ಕದಲ್ಲಿ ಬೆರೆಯದಿರಲೆಂದು ಫಲಿತಾಂಶಕ್ಕೆ ಒಂದು ಗುಟ್ಟಿನ ಸಂಖ್ಯೆಯನ್ನು ಕೂಡಿಸಿಡುತ್ತಾರೆ. ತೆರೆ ಸರಿಸುವ ದಿನ ಅದನ್ನು ಕಳೆದರೆ ನಿಜ ತಿಳಿಯುತ್ತದೆ. ವಿದ್ವಾಂಸರಿಗೆ ತಮ್ಮ ಮೇಲೆ ಇದ್ದ ನಂಬಿಕೆ ಅಷ್ಟು.

ಸಂಖ್ಯೆ ಕೈಗೆ ಬಂದದ್ದೇ ತಡ, ಅಲೋಯ್ಸ್‌ನ ಯೋಗಕ್ಷೇಮ ಎಲ್ಲರಿಗೂ ಮುಖ್ಯವಾಯಿತು.

"ನನ್ನ ರೋಷ್ಟಿನೂ ನೀನೇ ತಿನ್ನು ಮಾರಾಯ," ಎಂದು ಮಿಂಚು ಎಣಿಸುವ ವಿಭಾಗದ ಟಿಜಿಯಾನೋ ತನ್ನ ಹುರಿದ ಆಲೂಗಡ್ಡೆಯ ತಟ್ಟೆಯನ್ನು ಮುಂದೆ ತಳ್ಳಿದ. "ಸಂಖ್ಯೆ ಹೇಳ್ಬೇಡ. ದೊಡ್ಡದೋ ಚಿಕ್ಕದೋ, ಅಷ್ಟು ಹೇಳು ಸಾಕು."

"ಉಪ್ಪು ಕಮ್ಮಿ," ಎಂದ ಅಲೋಯ್ಸ್. ಇದು ಸುಳಿವಿರಬೇಕೆಂದು ಟಿಜಿಯಾನೋ ಸಂಜೆಯವರೆಗೆ ಲೆಕ್ಕ ಹಾಕಿದ.

ಪ್ರಯೋಗದ ಮುಖ್ಯಸ್ಥೆ ಹೆಡ್ವಿಗ್ ಬ್ರುಗ್ಮನ್ ಆಲೂಗಡ್ಡೆಯ ದಾರಿ ಹಿಡಿಯಲಿಲ್ಲ. ಪರಮಾಣುಗಳು ಮೇಲಕ್ಕೆ ಹೋಗಲಿ ಎಂಬುದು ಆಕೆಯ ಆಸೆ. ಕೆಳಕ್ಕೆ ಬೀಳುವುದನ್ನು ಕಂಡುಹಿಡಿದವರಿಗೆ ಯಾರು ಹಾರ ಹಾಕುತ್ತಾರೆ?

"ಶರತ್ಕಾಲಕ್ಕೆ ನಿಮ್ಮ ಕರಾರು ಮುಗಿಯುತ್ತಲ್ವಾ ಅಲೋಯ್ಸ್?"

"ಹೌದು ಮೇಡಂ."

"ಮುಂದುವರಿಸೋಕೆ ಸಹಿ ಹಾಕೋಳು ನಾನೇ. ಪತ್ರಿಕೆಯವರು ಬರ್ತಾರೆ, ಭಾಷಣ ಸಿದ್ಧ ಮಾಡ್ಕೋಬೇಕು. ಆ ಸಂಖ್ಯೆ ನನಗೊಬ್ಬಳಿಗೆ ಹೇಳಿ."

ಅಲೋಯ್ಸ್ ಎರಡೂ ಕಡೆ ತೂಗಿ ನೋಡಿದ. ಹೇಳಿದರೆ ಕೊಟ್ಟ ಮಾತು ಹೋಗುತ್ತದೆ, ಹೇಳದಿದ್ದರೆ ಕೆಲಸ ಹೋಗುತ್ತದೆ. ಕೊನೆಗೆ ಸೋದರತ್ತೆಯ ಮನೆಯ ಹಳೆಯ ದೂರವಾಣಿ ಸಂಖ್ಯೆಯ ಕೊನೆಯ ಅಂಕಿಗಳನ್ನು ಹೇಳಿಬಿಟ್ಟ.

ಆಕೆ ಬಾಗಿಲು ಹಾಕಿಕೊಂಡು ಫಲಿತಾಂಶದಿಂದ ಅದನ್ನು ಕಳೆದು ನೋಡಿದರು. ಪರಮಾಣುಗಳು ಮೇಲಕ್ಕೇ ಹೋಗಿದ್ದವು. ಭಾಷಣ ಸಿದ್ಧವಾಯಿತು, ಹೊಸ ಕೋಟೂ ಬಂತು.

ತೆರೆ ಸರಿಸುವ ದಿನ ಅಲೋಯ್ಸ್ ಎಲ್ಲರೆದುರು ನಿಜವಾದ ಸಂಖ್ಯೆಯನ್ನು ಕೊಟ್ಟ. ಕಳೆದು ನೋಡಿದರೆ ಪರಮಾಣುಗಳು ಕಲ್ಲು ಬಿದ್ದ ಹಾಗೆ ಕೆಳಕ್ಕೆ ಬಿದ್ದಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಬ್ರುಗ್ಮನ್ ಭಾಷಣವನ್ನು ಮಡಚಿ ಕೋಟಿನೊಳಗೆ ತುರುಕಿ, ಕಾರಿಡಾರಿನಲ್ಲಿ ಅಲೋಯ್ಸ್‌ನನ್ನು ಅಡ್ಡಗಟ್ಟಿದರು.

"ನನ್ನ ಹತ್ರ ಬೇರೆ ಸಂಖ್ಯೆ ಹೇಳಿದ್ರಿ."

"ನೀವು ನನ್ನ ಹತ್ರ ಸಂಖ್ಯೆ ಕೇಳಿದ್ರಾ ಮೇಡಂ?" ಎಂದ ಅಲೋಯ್ಸ್, ತುಂಬ ಮೆಲ್ಲಗೆ.

ಎದುರಿನಿಂದ ಟಿಜಿಯಾನೋ ಬರುತ್ತಿದ್ದ. ಆಕೆ ಅವನನ್ನು ನೋಡಿದರು, ಅಲೋಯ್ಸ್‌ನನ್ನು ನೋಡಿದರು.

"ಇಲ್ಲ," ಎಂದರು. "ನಾನೇನೂ ಕೇಳಿಲ್ಲ. ನಾಳೆ ಬಂದು ಹೊಸ ಕರಾರು ತಗೊಂಡು ಹೋಗಿ."