ನಾನು ಒತ್ತಿದೆ, ಅವಳು ನಿಲ್ಲಿಸಿದಳು

ಸಿಕ್ಕಿತು, ತಪ್ಪು ಸಿಕ್ಕಿತು! ನನ್ನ ಮೊಮ್ಮಗಳು ಸುಮಾ ಹಿಡಿದೇ ಬಿಟ್ಟಳು. ಅವಳು ಜಾವಾ ಅನ್ನೋ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಆನವಟ್ಟಿ ದವಾಖಾನೆಯ ವೆಬ್‌ಸೈಟಿನಲ್ಲಿ ಡಾಕ್ಟರನ್ನು ನೋಡಲು ಒಬ್ಬರು ಕೇಳಿದ ಸರದಿ ಟೋಕನ್ ಇನ್ನೊಬ್ಬರ ಹೆಸರಿಗೆ ಹೋಗುತ್ತಿತ್ತು. ಅವತ್ತು ಸರಿಯಾಗದಿದ್ದರೆ ದವಾಖಾನೆಯವರು ಆ ಕೆಲಸವನ್ನು ಅವಳಿಂದ ಕಿತ್ತು ಬೇರೆಯವರಿಗೆ ಕೊಡುತ್ತಿದ್ದರು.

ಶಿಕಾರಿಪುರದ ನಮ್ಮ ಮನೆಯಲ್ಲೇ ಕೂತು, “ಅಜ್ಜಿ, ನಿನ್ ಮೊಬೈಲಲ್ಲಿ ಟೋಕನ್ ಒತ್ತು” ಅಂದಳು. ಒತ್ತಿದೆ. ಟೋಕನ್ ಬರಲಿಲ್ಲ, ಮೊಬೈಲ್ ಪರದೆಯ ಮೇಲೆ ಚಕ್ರ ಸುತ್ತುತ್ತಲೇ ಇತ್ತು.

“ಅಯ್ಯೋ, ಕೆಡಿಸಿಬಿಟ್ನೇನೇ?”

“ಇಲ್ಲಜ್ಜಿ, ನಾನೇ ನಿಲ್ಸಿದ್ದು! ಆನವಟ್ಟೀಲಿ ಓಡೋ ಪ್ರೋಗ್ರಾಮಿಗೆ ಇಲ್ಲಿಂದಾನೇ ಬ್ರೇಕ್‌ಪಾಯಿಂಟ್ ಹಾಕೀನಿ, ಅಂದ್ರೆ ಬೇಕಾದ ಸಾಲಿಗೆ ಬಂದಾಗ ನಿಂತ್ಕೊಳ್ಳೋ ತಡೆ. ನೋಡು, ಈ ಸಾಲಲ್ಲೇ ನಿನ್ ಹೆಸರು ತಪ್ಪಿ ಹೋಗ್ತಾ ಐತೆ!”

ಆ ಸಾಲು ತಿದ್ದಿದಳು. ಮತ್ತೆ ಒತ್ತಿದೆ. ಗಿರಿಜಮ್ಮ ಅಂತ ನನ್ನ ಹೆಸರೇ ಬಂತು!

ಇಷ್ಟು ದಿನ ಕಂಪ್ಯೂಟರ್ ಮುಂದೆ ತಟ್ಟೆ ಇಟ್ಟುಕೊಂಡವಳು ಸಂಜೆ ಮನೆಮಂದಿಯ ಜೊತೆ ಊಟಕ್ಕೆ ಕೂತಳು. “ಸಾಕಜ್ಜಿ” ಅಂತ ಕೈ ಅಡ್ಡ ಹಿಡಿದಳು. ಆ ತಡೆಗೆಲ್ಲ ನಾನು ನಿಲ್ಲುತ್ತೇನೆಯೇ? ಇನ್ನೊಂದು ಹೋಳಿಗೆ ಹಾಕಿಯೇ ಬಿಟ್ಟೆ.