ಬಾಗಿಲಿಗೆ ಅಡ್ಡ ಇಟ್ಟ ಮೇಜು

ಮುಂಬಯಿಯ ಗ್ರಾಂಟ್ ರೋಡಿನ ನಮ್ಮ ಗಲ್ಲಿಯಲ್ಲಿ ಗಣೇಶೋತ್ಸವದ ಹತ್ತು ದಿನ ಮೂಗು ಮುಚ್ಚಿಕೊಳ್ಳದೆ ಮೆಟ್ಟಿಲಿಳಿಯಲು ಆಗುವುದಿಲ್ಲ. ದರ್ಶನದ ಸಾಲು ನಮ್ಮ ಬಿಲ್ಡಿಂಗಿನ ಮುಂದೆಯೇ ಹಾದುಹೋಗುತ್ತದೆ. ಗಂಟೆಗಟ್ಟಲೆ ನಿಂತವರು ಮೆಟ್ಟಿಲ ಕೆಳಗಿನ ಕತ್ತಲೆಗೆ ಬಂದು ಹಗುರಾಗಿ ಹೋಗುತ್ತಾರೆ. ಬೆಳಿಗ್ಗೆ ಫಿನೈಲ್ ಸುರಿದು ಉಜ್ಜಿದರೆ ಮಧ್ಯಾಹ್ನದೊಳಗೆ ಮತ್ತೆ ಅದೇ ನಾತ. ಕೊಳೆತ ಹೂವು, ತುಳಿದ ಪೇಪರ್ ಕಪ್ಪು, ಗೋಡೆಯ ಮೇಲೆ ಉಗಿದ ಪಾನು.

ಬೈಯಲು ನನಗೆ ಬಾಯಿತ್ತು, ಮುಖ ಇರಲಿಲ್ಲ. ಕೆಳಗಿನ ಹೋಟೆಲು ನಮ್ಮದೇ. ಮಗಳ ಕಾಲೇಜು ಫೀಸು, ಹೊಸ ಗ್ರೈಂಡರು ಎಲ್ಲ ಆ ಹತ್ತು ದಿನದ ವ್ಯಾಪಾರದಿಂದಲೇ ಬಂದದ್ದು. ಮೂರು ವರ್ಷದ ಹಿಂದೆ ನನ್ನ ಗಂಡ ಬಿಲ್ಡಿಂಗಿನ ಬಾಗಿಲಿಗೇ ಅಡ್ಡವಾಗಿ ಉದ್ದದ ಮೇಜು ಹಾಕಿ, ಅದರ ಮೇಲೆ ಒಲೆಯಿಟ್ಟು ಬಟಾಟೆ ವಡೆ ಕರಿಯತೊಡಗಿದರು. ಒಬ್ಬರು ಓರೆಯಾಗಿ ನುಸುಳುವಷ್ಟು ಜಾಗ ಉಳಿಯಿತು. ವಡೆಗೆ ಹಿಟ್ಟು ಕಲಸಿಕೊಟ್ಟವಳು ನಾನೇ.

ಮೂರನೇ ಮಹಡಿಯಲ್ಲಿ ಒಬ್ಬ ನಿವೃತ್ತ ಮರಾಠಿ ಟೀಚರು ಒಬ್ಬರೇ ಇದ್ದರು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಆ ವರ್ಷ ಹಬ್ಬದ ಐದನೇ ದಿನ ಮಧ್ಯಾಹ್ನ ಅವರು ಆಸ್ಪತ್ರೆಗೆಂದು ಫೈಲು ಹಿಡಿದು, ಊದಿದ ಕಾಲಲ್ಲಿ ಒಂದೊಂದೇ ಮೆಟ್ಟಿಲು ಇಳಿದು ಬಂದರು. ಕೊನೆಯ ಮೆಟ್ಟಿಲು ಒದ್ದೆಯಾಗಿತ್ತು. ಜಾರಿ ಅಲ್ಲೇ ಕುಕ್ಕರಿಸಿದರು. ಆ ಒದ್ದೆ ಏನೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಸೀರೆ ಬದಲಿಸೋಣ ಎಂದರೆ, “ಟೈಮ್ ನಹೀ ಹೈ” ಎಂದರು. ಏಳಲು ಆಗಲಿಲ್ಲ.

ಟ್ಯಾಕ್ಸಿ ಗಲ್ಲಿಯೊಳಗೆ ಬರುವಂತಿರಲಿಲ್ಲ. ಹೋಟೆಲಿನಿಂದ ಕುರ್ಚಿ ತಂದು ಅವರನ್ನು ಕೂರಿಸಿದೆ. ಆದರೆ ಕುರ್ಚಿ ಬಾಗಿಲು ದಾಟಬೇಕಲ್ಲ.

“ಮೇಜು ತೆಗೀರಿ,” ಅಂದೆ ಗಂಡನಿಗೆ.

“ಎರಡು ನಿಮಿಷ ನಿಲ್ಲು ಮಾರಾಯ್ತಿ. ಎಣ್ಣೆಯಲ್ಲಿ ವಡೆ ಉಂಟು, ಇಷ್ಟು ತೆಗೆದುಬಿಡ್ತೇನೆ.”

ನಾನು ನಿಂತೆ. ಇವತ್ತಿಗೂ ನನಗೆ ಹೇಸಿಗೆಯಾಗುವುದು ಅದಕ್ಕೇ. ಉಚ್ಚೆಯಲ್ಲಿ ನೆನೆದ ಸೀರೆಯ ಹೆಂಗಸು ಪಕ್ಕದಲ್ಲಿ ಏದುಸಿರು ಬಿಡುತ್ತಿರುವಾಗ ನಾನು ವಡೆ ಕೆಂಪಾಗುವುದನ್ನು ನೋಡುತ್ತಾ ನಿಂತಿದ್ದೆ. ಸಾಲಿನಲ್ಲಿದ್ದವರು ಫೋನು ಎತ್ತಿ ನಮ್ಮನ್ನು ವಿಡಿಯೋ ಮಾಡುತ್ತಿದ್ದರು.

ಮೇಜು ಸರಿದ ಮೇಲೆ ಎದುರಿಗೆ ದರ್ಶನದ ಸಾಲಿಗೆಂದು ಕಟ್ಟಿದ ಬಿದಿರಿನ ಕಟಕಟೆ. ಬ್ಯಾಡ್ಜು ಹಾಕಿದ ಗಣೇಶೋತ್ಸವ ಮಂಡಳಿಯ ಕಾರ್ಯಕರ್ತನೊಬ್ಬ, “ಲೈನ್ ಮತ್ ತೋಡೋ,” ಸಾಲು ಮುರಿಯಬೇಡಿ ಎಂದು ಕೈ ಅಡ್ಡ ಹಿಡಿದ. ಆಗ ಬಿದಿರು ಕಟ್ಟುವ ಕೂಲಿಯವನೊಬ್ಬ ಮುಂದೆ ಬಂದ. ಕಲಬುರಗಿ ಕಡೆಯವನು, ದಿನಾ ನಮ್ಮಲ್ಲಿ ಚಹಾ ಕುಡಿಯುತ್ತಿದ್ದ.

“ಕಟ್ಟಿದಾಂವ ನಾನೇ ಇದ್ದೀನಿ, ಬಿಚ್ಚತೀನಿ. ನೀವು ಸರೀರಿ ಅಕ್ಕಾರ,” ಎಂದು ಹಗ್ಗ ಕೊಯ್ದ. ಅವನೂ ಅವನ ಜೊತೆಯವನೂ ಕುರ್ಚಿ ಎತ್ತಿಕೊಂಡು ಜನರ ನಡುವೆ ಮುಖ್ಯ ರಸ್ತೆಯವರೆಗೆ ನಡೆದರು. ಮರುದಿನದಿಂದ ಆ ಇಬ್ಬರನ್ನೂ ಮಂಡಳಿಯವರು ಕೆಲಸಕ್ಕೆ ಕರೆಯಲಿಲ್ಲವಂತೆ.

ಆಸ್ಪತ್ರೆಯಲ್ಲಿ ಟೀಚರ ಸರದಿ ಬೇರೆಯವರಿಗೆ ಹೋಗಿತ್ತು. ಸಂಜೆಯವರೆಗೆ ಕಾದು, ಉಸಿರು ಕಟ್ಟಿ, ಎರಡು ದಿನ ಅಲ್ಲೇ ದಾಖಲಾಗಿದ್ದರು. ಬದುಕಿ ಬಂದರು. ಇಡ್ಲಿ ತೆಗೆದುಕೊಂಡು ನೋಡಲು ಹೋದೆ. ಅವರು ಬೈಯಲಿಲ್ಲ. “ಧಂದಾ ಅಚ್ಛಾ ಹುವಾ?” ವ್ಯಾಪಾರ ಚೆನ್ನಾಗಿ ಆಯಿತಾ ಎಂದು ನಿಜವಾಗಿಯೇ ಕೇಳಿದರು. ನನಗೆ ಅಲ್ಲಿ ಕೂರಲಾಗಲಿಲ್ಲ.

ಮುಂದಿನ ವರ್ಷ ಮಂಡಳಿಯ ಮೀಟಿಂಗಿಗೆ ಹೋಗಿ, ಶೌಚಾಲಯದ ಗಾಡಿ ತರಿಸಿ, ಕಾಯಿಲೆಯವರು ಹೋಗಲು ದಾರಿ ಬಿಡಿ ಎಂದು ಕೇಳಿದೆ. “ಆಂಟಿ, ನಿಮಗೆ ವ್ಯಾಪಾರ ಬೇಕು, ಜನ ಮಾತ್ರ ಬೇಡವಾ?” ಎಂದ ಒಬ್ಬ. ಎಲ್ಲರೂ ನಕ್ಕರು. ನಾನು ಎದ್ದು ಬಂದೆ.

ಮನೆಯಲ್ಲಿ ಮಾತ್ರ ಹಟ ಹಿಡಿದೆ. ನಾಲ್ಕು ದಿನ ಗಂಡನ ಜೊತೆ ಮಾತು ಬಿಟ್ಟ ಮೇಲೆ ಮೇಜು ಹೋಯಿತು. ವಾರ ಕಳೆಯುವುದರೊಳಗೆ ಪಕ್ಕದ ಅಂಗಡಿಯವನು ಅದೇ ಜಾಗದಲ್ಲಿ ಕಬ್ಬಿನ ಗಾಣ ತಂದು ನಿಲ್ಲಿಸಿದ. ಟೀಚರು ಈಗ ಹಬ್ಬಕ್ಕೆ ಮೊದಲೇ ವಿಲೆ ಪಾರ್ಲೆಯ ತಂಗಿಯ ಮನೆಗೆ ಹೋಗಿಬಿಡುತ್ತಾರೆ. ಈ ವರ್ಷವೂ ನಮ್ಮ ಹೋಟೆಲು ತುಂಬಿತ್ತು. ಗಲ್ಲಾದಲ್ಲಿ ಕೂತು ನೋಟು ತೆಗೆದುಕೊಳ್ಳುವಾಗೆಲ್ಲ ಎದ್ದು ಕೈ ತೊಳೆದು ಬರೋಣ ಅನ್ನಿಸುತ್ತಿತ್ತು. ಏಳಲಿಲ್ಲ, ಗಿರಾಕಿಗಳು ನಿಂತಿದ್ದರು.