ಹುಳ ತಿಂದುಳಿದ ಬನ್ನಿ

ದಸರೆಯ ಮುಂಚಿನ ದಿನ ಬೆಳಿಗ್ಗೆ ಜೇವರ್ಗಿ ಬಿಟ್ಟೆ. ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದು, ಅಫಜಲಪುರದಲ್ಲೊಮ್ಮೆ, ಆಳಂದದಲ್ಲೊಮ್ಮೆ ಬಸ್ ಬದಲಿಸಿ ತವರೂರು ಕಿಣ್ಣಿ ಸುಲ್ತಾನ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಆಳಂದದಲ್ಲಿ ತಿಂದ ಚುರುಮುರಿ ಸುಸಲಾ, ಮಿರ್ಚಿ ಬಿಸಿಯಾಗಿದ್ದವು. ದಾರಿಯುದ್ದಕ್ಕೂ ತೊಗರಿ ಹೂಬಿಟ್ಟಿತ್ತು.

ಅತನೂರಿನ ಅತ್ತೆಗೆ, ಎಂದರೆ ಅಪ್ಪನ ಅಕ್ಕನಿಗೆ, ದಸರೆಗೆ ಬಂಗಾರವೆಂದು ಹಂಚಲು ನಮ್ಮ ಹೊಲದ ಬನ್ನಿಯೆಲೆಯೇ ಆಗಬೇಕು. ಮೊಣಕಾಲು ನೋವು, ಬಸ್ ಹತ್ತಲಾರಳು. ಈ ಸಲ ನಾನು ತರುತ್ತೇನೆಂದಿದ್ದೆ.

ಹೊಲಕ್ಕೆ ಹೋಗಿ ನೋಡಿದರೆ ಬನ್ನಿ ಮುಕ್ಕಾಲು ಬೋಳಾಗಿತ್ತು. ಟೊಂಗೆಗಳ ಮೇಲೆ ಬೆರಳುದ್ದದ ಕೂದಲು ಹುಳಗಳು. ಕಾಂಡದ ಮೇಲೆ ತೊಗಟೆಯೆಂದು ಕೈಯಿಡಹೋದದ್ದು ರೆಕ್ಕೆ ಮಡಚಿ ಕೂತ ಕಂದು ಪತಂಗ, ಆ ಹುಳಗಳ ತಾಯಿಯಿರಬೇಕು. ತಮ್ಮ ಶರಣು ತೊಗರಿಗೆ ಹೊಡೆಯುವ ಔಷಧದ ಪಂಪು ಬೆನ್ನಿಗೇರಿಸಿ ನಿಂತಿದ್ದ. ಹೊಡೆದರೆ ಆ ಎಲೆಯನ್ನು ಯಾರ ಕೈಗೂ ಕೊಡುವಂತಿಲ್ಲ.

“ಗಿಡಾನೇ ಹೋದ್ರ ಮುಂದಿನ ವರ್ಷ ಅತ್ತಿಗಿ ಏನ್ ಒಯ್ತಿ, ಅಕ್ಕಾ?”

ಚಿಕ್ಕವಳಿದ್ದಾಗ ಇದೇ ಗಿಡ ಹೀಗೇ ಬೋಳಾಗಿ ಮತ್ತೆ ಚಿಗುರಿದ್ದನ್ನು ಕಂಡಿದ್ದೇನೆ ಎಂದೆ. ಹೇಳುತ್ತಲೇ ಅನುಮಾನ ಬಂತು. ಕಂಡದ್ದು ನಿಜವೇ, ಎಲೆ ಬೇಕಾಗಿದ್ದರಿಂದ ಹಾಗನ್ನಿಸಿತೇ? ನನ್ನ ಮಾತು ನಂಬಿ ಗಿಡ ಒಣಗಿದರೆ? ಅತ್ತೆಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ.

“ನೀ ಎಲ್ಲಿ ನೋಡಿದ್ದಿ? ನೀ ಇನ್ನಾ ಹುಟ್ಟಿದ್ದಿಲ್ಲ. ನಾ ಹೇಳಿದ್ದ ಕೇಳೀದಿ. ದೀಪಾವಳಿಗಿ ಚಿಗತಿತ್ತು. ಹೊಡಿಬ್ಯಾಡಂತ ಹೇಳು ಅವಂಗ.”

ಶರಣು ಪಂಪು ಕೆಳಗಿಳಿಸಿದ. “ಹುಟ್ಟೂಕಿಂತ ಮದ್ಲೇ ನೋಡಿದಾಕಿ ನಮ್ಮಕ್ಕ,” ಎಂದು ರಾತ್ರಿ ಊಟದವರೆಗೂ ಕಾಡಿದ. ನನಗೆ ಬೇಸರವಾಗಲಿಲ್ಲ. ಆ ಚಿಗುರು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಣ್ಣು ಅತ್ತೆಯದು, ಅಷ್ಟೇ.

ಮರುದಿನ ಅತನೂರಿನಲ್ಲಿ ಚೀಲ ಬಿಚ್ಚಿದಾಗ ಅರ್ಧ ತಿಂದ ನಾಲ್ಕಾರು ರೆಂಬೆಗಳ ಜೊತೆ ಒಂದು ಹುಳವೂ ಬಂದಿತ್ತು. ಹೊರಗೆಸೆಯಲು ಎದ್ದೆ.

“ತಡಿಬೇ, ಅದೂ ನನ್ನ ತವರಮನಿದು,” ಎಂದಳು ಅತ್ತೆ.

ಮೊದಲು ನನ್ನ ಕೈಗೆ ಹರಕು ಎಲೆ ಇಟ್ಟು, “ಬಂಗಾರದಂಗ ಇರೋಣ” ಎಂದಳು. ಆಮೇಲೆ ಹುಳವಿದ್ದ ರೆಂಬೆ ಹಿಡಿದು, ಗೋಡೆ ಆಸರೆಯಿಂದ ಹಿತ್ತಲಿಗೆ ನಡೆದು, ಅಲ್ಲಿದ್ದ ಜಾಲಿಗಿಡದ ಮೇಲೆ ಹುಳವನ್ನು ಬಿಟ್ಟಳು. ಆ ಹುಳ ಜಾಲಿಯೆಲೆಯನ್ನೂ ತಿನ್ನುತ್ತದೆಂದು ನಾನು ಆಮೇಲೆ ಓದಿದೆ. ಅವಳು ಓದಿರಲಿಲ್ಲ, ಹತ್ತಿರವಿದ್ದ ಗಿಡ ಅದೊಂದೇ.

ನಾನು ಬಸ್ಸಿಗೆ ಹೊರಟು ತಿರುಗಿ ನೋಡಿದಾಗ, ಅತ್ತೆ ಇನ್ನೂ ಜಾಲಿಯ ಕೆಳಗೆ ತಲೆಯೆತ್ತಿ ನಿಂತಿದ್ದಳು. ಇದನ್ನು ಮಾತ್ರ ನಾನೇ ಕಂಡದ್ದು.